ನೆರಳಕ್ಕ ಮತ್ತು ಕೆರೆ ಕಾಣದ ಫೋಟೊ

ಮದುವೆಗೆ ಇನ್ನೂ ಹದಿನೈದು ದಿನ ಇರುವಾಗ ಯಾರೋ ಒಬ್ಬ ಹೆಂಗಸು ಬಂದು, ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಪೆನ್ಸಿಲ್ಲು ಹಿಡಿದು, ಗೋಡೆಗೋಡೆಯ ಪಕ್ಕ ಗಡಿಯಾರ ನೋಡುತ್ತ ನಿಂತರೆ ಯಾವ ಕಾವಲುಗಾರನಿಗೂ ಅನುಮಾನ ಬರುತ್ತದೆ. ಒಂದು ತೋಟದ ಬಂಗಲೆಯಲ್ಲಿ ಅವರನ್ನು ಹಿಡಿದು ಆಫೀಸಿನಲ್ಲಿ ಕೂರಿಸಿದ್ದೂ ಉಂಟು.

"ಏನಮ್ಮಾ, ಇಲ್ಲಿ ಏನು ಸಿಗುತ್ತೆ ಅಂತ ಬಂದೆ?" ಎಂದು ಮ್ಯಾನೇಜರು ಗದರಿದಾಗ ಆಕೆ ನಿಜವನ್ನೇ ಹೇಳಿದರು.

"ನೆರಳು ಸಾರ್."

ಮ್ಯಾನೇಜರು ಕಾವಲುಗಾರನ ಮುಖ ನೋಡಿದರು. ಕಾವಲುಗಾರ ಫ್ಯಾನಿನ ಮುಖ ನೋಡಿದ. ಆಮೇಲೆ ಆಕೆಗೆ ಒಂದು ಲೋಟ ನೀರು ಕೊಟ್ಟು ಕಳಿಸಿದರು. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದುಕೊಂಡರೋ ಏನೋ.

ತಲೆ ಸರಿಯಾಗಿಯೇ ಇತ್ತು. ಆಕೆ ಮದುವೆಗಳ ಫೋಟೊ ತೆಗೆಯುವವರು, ಯಾವ ಹೊತ್ತಿಗೆ ಎಲ್ಲಿ ನೆರಳು ಬೀಳುತ್ತದೆಂದು ಮೊದಲೇ ಬಂದು ಬರೆದುಕೊಳ್ಳುವವರು. ಎಲ್ಲಿ ಹೋದರೂ "ನೆರಳಿಗೆ ಬನ್ನಿ, ನೆರಳಿಗೆ ಬನ್ನಿ" ಎನ್ನುತ್ತಿದ್ದುದರಿಂದ ಊರಿನ ಜನ ಅವರ ಹೆಸರನ್ನೇ ಮರೆತು ನೆರಳಕ್ಕ ಎಂದು ಕರೆಯುತ್ತಿದ್ದರು.

ಅಪ್ಪ ಬಿಟ್ಟುಹೋದ ಸ್ಟುಡಿಯೋ ಅವರದ್ದು. ಒಂದು ಕಡೆ ಬೀಗ ರಿಪೇರಿ ಅಂಗಡಿ, ಇನ್ನೊಂದು ಕಡೆ ಸ್ಟೌ ರಿಪೇರಿ, ನಡುವೆ ಹತ್ತಡಿ ಅಗಲದ ಕತ್ತಲೆ ಕೋಣೆ. ಒಂದು ಸ್ಟೂಲು, ಒಂದು ನೀಲಿ ಪರದೆ, ಗೋಡೆಗೆ ಕನ್ನಡಿ, ಕನ್ನಡಿಗೆ ಕಟ್ಟಿದ ಬಾಚಣಿಗೆ. ಅರ್ಧ ಊರಿನ ಪಾಸ್‌ಪೋರ್ಟ್ ಫೋಟೊ ಅಲ್ಲೇ ತೆಗೆದದ್ದು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಸ್ಟೂಲಿನ ಮೇಲೆ ಧೂಳು ಕೂತಿತು. ನಲವತ್ತಮೂರನೆಯ ವಯಸ್ಸಿನಲ್ಲಿ ನೆರಳಕ್ಕ ಹೊಸ ಕ್ಯಾಮೆರಾ ಕೊಂಡು ಹಗಲ ಬೆಳಕಿಗೆ ಬಂದರು.

ಬಂದರೆ ಏನು, ಹಗಲು ಅವರಿಗೆ ಹೊಸದು. ಜನ ಆಗಷ್ಟೇ ಛತ್ರಗಳನ್ನು ಬಿಟ್ಟು ಕೆರೆ ದಂಡೆ, ಗುಡ್ಡದ ತುದಿ, ಬಂಗಲೆಯ ಹುಲ್ಲುಹಾಸು ಎಂದು ಚೆಂದದ ಜಾಗಗಳಲ್ಲಿ ಮದುವೆ ಮಾಡಲು ಶುರುಮಾಡಿದ್ದರು. ಮಕ್ಕಳಿಗೆ ರಜೆ ಸಿಗುವುದು ಬೇಸಿಗೆಯಲ್ಲಿ, ಹಾಗಾಗಿ ಮದುವೆಗಳೂ ಬೇಸಿಗೆಯಲ್ಲೇ. ಮೊದಲ ಮದುವೆಯಲ್ಲಿ ನೆರಳಕ್ಕ ಏಸಿ ಕೋಣೆಯಿಂದ ಕ್ಯಾಮೆರಾ ಹೊರತಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂತು, ಮದುಮಕ್ಕಳು ಹಬೆಯೊಳಗೆ ನಿಂತ ದೆವ್ವಗಳ ಹಾಗೆ ಬಂದರು. ಆ ಮನೆಯವರು ಅದನ್ನು ವಿಶೇಷ ಕಲೆ ಎಂದುಕೊಂಡು ಹೊಗಳಿದ್ದೇ ಹೊಗಳಿದ್ದು. ನೆರಳಕ್ಕ ಲೆನ್ಸು ಒರೆಸಿಕೊಂಡರು.

ಎರಡನೆಯ ಮದುವೆಗೆ ಸಹಾಯಕ್ಕೆ ಗಂಡ ಬಂದರು. ಅವರು ಗಡಿಯಾರ ರಿಪೇರಿಯವರು, ಕೂತಲ್ಲೇ ಕೂರುವ ಸಾಧು ಮನುಷ್ಯ. ಬೆಳಕನ್ನು ಮುಖದ ಮೇಲೆ ತಿರುಗಿಸುವ ಬೆಳ್ಳಿ ಬಣ್ಣದ ದುಂಡನೆ ಹಲಗೆ ಹಿಡಿದು ನಿಲ್ಲುವುದಷ್ಟೇ ಅವರ ಕೆಲಸ. ಆದರೆ ಬಿಸಿಲು ಕಣ್ಣಿಗೆ ಬಿದ್ದರೆ ಅವರಿಗೆ ಸೀನು. ಒಂದಲ್ಲ ಎರಡಲ್ಲ, ಒಂಬತ್ತು, ಹತ್ತು. ಆ ಮದುವೆಯ ಒಂದೊಂದು ಫೋಟೊದಲ್ಲೂ ನೆಂಟರೆಲ್ಲ ಕ್ಯಾಮೆರಾ ಬಿಟ್ಟು ಬಲಗಡೆಗೆ, ಕನಿಕರದಿಂದ ನೋಡುತ್ತಿದ್ದಾರೆ.

"ನನ್ನ ಕೈಲಾಗಲ್ಲ ಮಾರಾಯ್ತಿ. ಅಮ್ಮನ್ನ ಕರ್ಕೊಂಡು ಹೋಗು" ಎಂದು ಅವರು ಕೈಚೆಲ್ಲಿದರು.

ಅವರ ಅಮ್ಮ, ಅಂದರೆ ನೆರಳಕ್ಕನ ಅತ್ತೆ, ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಸಾಲಾಗಿ ನಿಲ್ಲಿಸಲು ಮನೆಯಲ್ಲಿ ಚಪ್ಪಲಿಗಳ ಹೊರತು ಯಾರೂ ಸಿಗದೆ ಬೇಸತ್ತಿದ್ದರು. ಸೊಸೆ ಕರೆದದ್ದೇ ತಡ, ಕ್ಯಾನ್ವಾಸ್ ಷೂ ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ವ್ಯಾನಿನಲ್ಲಿ ಕೂತರು. ಅಂದಿನಿಂದ ಅತ್ತೆ ಸೊಸೆಯರ ಜೋಡಿ ಒಂದೂ ಬೇಸಿಗೆ ತಪ್ಪಿಸಲಿಲ್ಲ.

ಈ ಜೋಡಿಗೆ ಒಳ್ಳೆಯ ಹೆಸರು ತಂದದ್ದು ಹಾಸಿಗೆ ಅಂಗಡಿಯ ಯಜಮಾನರ ಮಗಳ ಮದುವೆ.

ಯಜಮಾನರು ಗುಡ್ಡದ ಮೇಲಿನ ಒಂದು ಅತಿಥಿಗೃಹ ಹಿಡಿದಿದ್ದರು. ಕೆಳಗೆ ವಿಶಾಲವಾದ ಕೆರೆ. ಆ ಕೆರೆಯ ಚಿತ್ರವನ್ನು ಆರು ತಿಂಗಳಿಂದ ಫೋನಿನಲ್ಲಿ ಇಟ್ಟುಕೊಂಡು, ಹಾಸಿಗೆ ಕೊಳ್ಳಲು ಬಂದವರಿಗೂ ತೋರಿಸುತ್ತಿದ್ದರು. ಅವರದ್ದು ಒಂದೇ ಆಸೆ: ಎರಡೂ ಮನೆಯ ಎಂಬತ್ತು ಜನ ಮೆಟ್ಟಿಲ ಮೇಲೆ ನಿಲ್ಲಬೇಕು, ಹಿಂದೆ ಕೆರೆ ಕಾಣಬೇಕು.

"ಬೆಳಗ್ಗೆ ಒಂಬತ್ತಕ್ಕೆ ಮುಗಿಸಿಬಿಡೋಣ ಸಾರ್. ಆಮೇಲೆ ಅಲ್ಲಿ ಕಾಲಿಡೋಕಾಗಲ್ಲ" ಎಂದು ನೆರಳಕ್ಕ ಮೊದಲೇ ಹೇಳಿದ್ದರು.

ಒಂಬತ್ತಕ್ಕೆ ಎಲ್ಲ ಸಿದ್ಧವಾಗಿತ್ತು, ಗಂಡಿನ ಕಡೆಯವರನ್ನು ಬಿಟ್ಟು. ಅವರ ಬಸ್ಸಿನ ಟೈರು ದಾರಿಯಲ್ಲಿ ಕೈಕೊಟ್ಟಿತು. ಅವರು ಬಂದು, ಮದುವೆ ಮುಗಿದು, ಎಲ್ಲರೂ ಮೆಟ್ಟಿಲಿಗೆ ಬರುವಾಗ ಒಂದೂವರೆ. ಕೆರೆ ಆ ಹೊತ್ತಿಗೆ ಕೆರೆಯಾಗಿರಲಿಲ್ಲ, ಕಾಯಿಸಿದ ತಗಡಾಗಿತ್ತು.

"ಸಂಜೆ ತೆಗೀತೀನಿ ಸಾರ್, ಈಗ ಬೇಡ" ಎಂದರು ನೆರಳಕ್ಕ.

"ಸಂಜೆಗೆ ಅರ್ಧ ಜನ ಹೊರಟು ಹೋಗಿರ್ತಾರೆ. ಐದು ನಿಮಿಷದ ಕೆಲಸಕ್ಕೆ ಇಷ್ಟು ಮಾತಾ? ನಿಲ್ರೋ ಎಲ್ಲ!" ಎಂದು ಯಜಮಾನರು ಕೈ ಬೀಸಿದರು.

ಹಿರಿಯರಿಗೆಂದು ಮುಂದೆ ಹಾಕಿದ್ದ ಕಬ್ಬಿಣದ ಕುರ್ಚಿಯ ಮೇಲೆ ಗಂಡಿನ ಸೋದರತ್ತೆ ಕೂತರು. ಕೂತಷ್ಟೇ ಬೇಗ ಎದ್ದರು. "ಅಯ್ಯೋ, ಇದೇನು ಕುರ್ಚಿನೋ ಕಾವಲಿನೋ!" ಮದುಮಗ ಕಪ್ಪು ಉಣ್ಣೆಯ ಕೋಟಿನೊಳಗೆ ಬೇಯುತ್ತಿದ್ದ. ನೆರಳಕ್ಕ ಮೂರು ಫೋಟೊ ತೆಗೆದರು. ಮೂರರಲ್ಲೂ ಎಂಬತ್ತು ಜನರ ಕಣ್ಣು ಮುಚ್ಚಿತ್ತು, ಸಾಮೂಹಿಕ ಧ್ಯಾನಕ್ಕೆ ಬಂದವರ ಹಾಗೆ. ನಾಲ್ಕನೆಯದಕ್ಕೆ ಬಟನ್ ಒತ್ತುವಾಗ ಕ್ಯಾಮೆರಾದ ಪರದೆಯ ಮೇಲೆ ಕೆಂಪು ಥರ್ಮಾಮೀಟರಿನ ಗುರುತು ಮಿನುಗಿ, ಎಲ್ಲ ಕತ್ತಲಾಯಿತು. ಕಾದು ಕಾದು ಅದು ತಾನಾಗಿಯೇ ನಿಂತುಹೋಗಿತ್ತು.

ಅದೇ ಗಳಿಗೆಗೆ ಮದುಮಗನ ಮಂಡಿಯೂ ಮಡಚಿತು. ನೆರಳಕ್ಕನ ಅತ್ತೆ ಒಂದೇ ಹೆಜ್ಜೆಗೆ ಅವನ ಕಾಲರು ಹಿಡಿದು ನಿಲ್ಲಿಸಿದರು.

ನೆರಳಕ್ಕ ನೋಟ್‌ಬುಕ್ಕು ತೆರೆದು ನೋಡಿದರು. "ಅತ್ತೆ, ಅಡುಗೆಮನೆ ಹಿಂದೆ. ಒಂದರಿಂದ ಮೂರರವರೆಗೆ ಪೂರ್ತಿ ನೆರಳು."

ಸೀಟಿ ಮೊಳಗಿತು. "ಎಲ್ರೂ ಬಲಕ್ಕೆ ತಿರುಗಿ! ಮಕ್ಕಳು ಮುಂದೆ, ಹಿರಿಯರು ಮಧ್ಯ, ಮೀಸೆ ಇರೋರು ಕೊನೆಗೆ! ನಡೀರಿ!"

ಎಂಬತ್ತು ಜನ ತುಟಿಪಿಟಿಕ್ಕೆನ್ನದೆ ಹೆಜ್ಜೆ ಹಾಕಿದರು. ಗಂಡಿನ ಕಡೆಯ ನಿವೃತ್ತ ಜಡ್ಜ್ ಒಬ್ಬರು ಕೈಯನ್ನೂ ಸರಿಯಾಗಿ ಬೀಸುತ್ತಿದ್ದರಂತೆ. ಯಜಮಾನರು ಮಾತ್ರ ಪಕ್ಕದಲ್ಲಿ ಓಡಿ ಬಂದರು.

"ಏನ್ರೀ ಮೇಡಂ, ಕೆರೆ ಎಲ್ಲಿ? ನಾನು ಈ ಜಾಗ ಹಿಡಿದದ್ದೇ ಕೆರೆಗೋಸ್ಕರ!"

"ಕೆರೆ ಎಲ್ಲಿಗೂ ಹೋಗಲ್ಲ ಸಾರ್. ಅಳಿಯಂದ್ರು ಹೋಗೋ ಹಾಗಿದ್ದಾರೆ. ಮೊದಲು ಅವರನ್ನ ನೋಡೋಣ."

ಅಡುಗೆಮನೆಯ ಹಿಂದೆ ಸುಣ್ಣ ಬಳಿದ ಉದ್ದನೆಯ ಗೋಡೆ, ಅದರೆದುರು ಕಂಬಗಳ ಮೇಲೆ ನೀರಿನ ಟ್ಯಾಂಕು. ಟ್ಯಾಂಕು ತುಂಬಿ ಸೋರುತ್ತಿತ್ತು, ನೆಲವೆಲ್ಲ ಒದ್ದೆ. ದೂರದ ಬಿಸಿಲಿನ ಬೆಳಕಷ್ಟೇ ಬಿಳಿ ಗೋಡೆಗೆ ಬಡಿದು ಮೆತ್ತಗಾಗಿ ಎಲ್ಲರ ಮುಖದ ಮೇಲೆ ಬೀಳುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ಅಡುಗೆಯವರು ಈ ಮೆರವಣಿಗೆ ಕಂಡು, ಊಟಕ್ಕೆ ತಡವಾಯಿತೆಂದು ಜಗಳಕ್ಕೇ ಬಂದರೆಂದು ಹೆದರಿ ಎದ್ದು ನಿಂತರು. ವಿಷಯ ತಿಳಿದ ಮೇಲೆ ದೊಡ್ಡ ದೊಡ್ಡ ಪಾತ್ರೆಗಳನ್ನು ಬೋರಲು ಹಾಕಿ ಹಿರಿಯರನ್ನು ಕೂರಿಸಿದರು, ಕಲ್ಲಂಗಡಿ ಹೆಚ್ಚಿ ತಂದರು.

ಮದುಮಗ ಕೋಟು ಕಿತ್ತು ಗೋಡೆಯ ಮೊಳೆಗೆ ಸಿಕ್ಕಿಸಿ, ಸೋರುವ ನೀರಿಗೆ ತಲೆ ಒಡ್ಡಿದ. "ಹೋದ ಜೀವ ಬಂತು" ಎಂದ. ಮದುಮಗಳು ಷೂ ಬಿಚ್ಚಿ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕಾಲಿಟ್ಟುಕೊಂಡು ಕೂತಳು. "ನೀವು ನನ್ನ ನೋಡಿ ತಲೆ ತಿರುಗಿ ಬಿದ್ರಿ ಅಂತ ಎಲ್ರಿಗೂ ಹೇಳ್ತೀನಿ" ಎಂದು ಅವಳು ಹೇಳಿದ್ದಕ್ಕೆ ಅವನು ನೀರು ಎರಚಿದ. ಅತ್ತೆ ಕೊಡೆಯ ನೆರಳಲ್ಲಿ ಕಾಪಾಡಿಕೊಂಡಿದ್ದ ಎರಡನೆಯ ಕ್ಯಾಮೆರಾದಲ್ಲಿ ನೆರಳಕ್ಕ ಸದ್ದಿಲ್ಲದೆ ತೆಗೆಯುತ್ತ ಹೋದರು. ಯಾರಿಗೂ ನಗಲು ಹೇಳಬೇಕಾಗಲಿಲ್ಲ.

ಯಜಮಾನರೊಬ್ಬರೇ ಮುಖ ಊದಿಸಿಕೊಂಡು ದೂರ ನಿಂತಿದ್ದರು. ಆಗ ಅವರ ಕಿವಿಯ ಪಕ್ಕದಿಂದ ಕಪ್ಪು ಗೆರೆಯೊಂದು ಇಳಿಯತೊಡಗಿತು. ಬೆಳಗ್ಗೆ ತಲೆಗೆ ಹಚ್ಚಿದ್ದ ಬಣ್ಣ ಬೆವರಿನ ಜೊತೆ ದಾರಿ ಹಿಡಿದಿತ್ತು. ಅವರ ಹೆಂಡತಿ ನೋಡಿದರು, ಕರ್ಚೀಫು ಒದ್ದೆ ಮಾಡಿಕೊಂಡು ಬಂದರು, ಗಲ್ಲ ಹಿಡಿದು ಒರೆಸಿದರು. ಒರೆಸಿದಷ್ಟೂ ಹರಡಿತು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವರ ಭುಜಕ್ಕೆ ಹಣೆ ಆನಿಸಿ, ಬಿಕ್ಕಿ ಬಿಕ್ಕಿ ನಕ್ಕರು. ಯಜಮಾನರ ಮುಖದ ಸಿಟ್ಟೂ ಹೇಗೋ ಸಡಿಲಾಗಿ ಒಂದು ಕಿರುನಗೆ ಹೊರಬಿತ್ತು.

ನೆರಳಕ್ಕ ಬಟನ್ ಒತ್ತಿದರು. ಸದ್ದಿಗೆ ಯಜಮಾನರು ತಿರುಗಿದರು.

"ಅದನ್ನ ಅಳಿಸಿ."

"ಚೆನ್ನಾಗಿ ಬಂದಿದೆ ಸಾರ್."

"ಅಳಿಸ್ತೀನಿ ಅಂತ ಮಾತು ಕೊಡಿ."

ನೆರಳಕ್ಕ ಮಾತು ಕೊಟ್ಟರು. ಕೊಟ್ಟು, ಅವರೆದುರೇ ಅಳಿಸಿದರು. ಮುಖ ಅವರದ್ದು, ಹಾಗಾಗಿ ಕೊನೆಯ ಮಾತೂ ಅವರದ್ದೇ ಎಂಬುದು ಸ್ಟುಡಿಯೋ ಕಾಲದಿಂದ ಬಂದ ಪಾಠ.

ಸಂಜೆ ಐದೂವರೆಗೆ ಕೆರೆ ಮತ್ತೆ ಕೆರೆಯಾಯಿತು. ಹೊರಟು ಹೋಗಬೇಕಾದವರೂ ಕಲ್ಲಂಗಡಿಯ ಆಸೆಗೆ ಉಳಿದಿದ್ದರು. ಅತ್ತೆ ನಾಲ್ಕು ನಿಮಿಷದಲ್ಲಿ ಎಂಬತ್ತು ಜನರನ್ನು ಮೆಟ್ಟಿಲ ಮೇಲೆ ಜೋಡಿಸಿದರು. ಯಜಮಾನರ ಆಸೆಯ ಫೋಟೊ ಅವರು ಬಯಸಿದ ಹಾಗೆಯೇ ಬಂತು, ಹಿಂದೆ ಕೆರೆ, ಕೆರೆಯ ಮೇಲೆ ಬಂಗಾರದ ಬೆಳಕು.

ಮೂರು ವಾರದ ಮೇಲೆ ಯಜಮಾನರು ಸ್ಟುಡಿಯೋಗೆ ಬಂದರು, ಅಂಗಡಿಯ ಗೋಡೆಗೆ ಒಂದು ಫೋಟೊ ಆರಿಸಲು. ಕೆರೆಯ ಫೋಟೊವನ್ನು ತುಂಬ ಹೊತ್ತು ನೋಡಿದರು. ಕೆಮ್ಮಿದರು. ಬೀಗದ ಅಂಗಡಿಯ ಕಡೆ ನೋಡಿದರು.

"ಅವತ್ತು ಒಂದು ಅಳಿಸಿದ್ರಲ್ಲ... ನಿಜವಾಗ್ಲೂ ಅಳಿಸಿಬಿಟ್ರಾ?"

"ನಿಮ್ಮೆದುರೇ ಅಳಿಸಿದ್ನಲ್ಲ ಸಾರ್."

"ಅಷ್ಟು ಪ್ರಾಮಾಣಿಕವಾಗಿ ಇರಬೇಕಾಗಿರಲಿಲ್ಲ" ಎಂದರು ಯಜಮಾನರು, ಸಪ್ಪೆ ಮುಖ ಮಾಡಿಕೊಂಡು. "ಇವಳು ದಿನಾ ಕೇಳ್ತಾಳೆ. ಮೂವತ್ತು ವರ್ಷ ಆಯ್ತು, ನಾವಿಬ್ರೇ ಇರೋದು ಒಂದೂ ಇಲ್ಲ ನೋಡಿ."

ಒಳಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ಅದಕ್ಯಾಕೆ ಅಳು? ನಾಳೆ ಹತ್ತಕ್ಕೆ ಇಬ್ರೂ ಬನ್ನಿ. ತಡ ಮಾಡಿದ್ರೆ ಹೊರಗೆ ನಿಲ್ಲಿಸ್ತೀನಿ."

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಇಬ್ಬರೂ ಬಂದರು. ಯಜಮಾನರ ತಲೆ ಪೂರ್ತಿ ಬಿಳಿಯಾಗಿತ್ತು. ನೆರಳಕ್ಕನಿಗೆ ಗುರುತೇ ಸಿಗಲಿಲ್ಲ.

"ಇವಳೇ ಬಣ್ಣ ಬೇಡ ಅಂತ ತಿಕ್ಕಿ ತೊಳೆದುಬಿಟ್ಟಳು" ಎಂದು ಅವರು ಸಂಕೋಚದಿಂದ ತಲೆ ಸವರಿಕೊಂಡರು.

"ಈಗ ಮನುಷ್ಯರ ಹಾಗೆ ಕಾಣ್ತಾರೆ" ಎಂದರು ಹೆಂಡತಿ. ಇಬ್ಬರೂ ನೀಲಿ ಪರದೆಯ ಮುಂದೆ, ಒಂದೇ ಸ್ಟೂಲು ಇದ್ದುದರಿಂದ ಯಜಮಾನರು ಕೂತು ಹೆಂಡತಿ ನಿಂತು, ಮೂರು ಫೋಟೊ ತೆಗೆಸಿಕೊಂಡರು. ಮೊದಲ ಎರಡರಲ್ಲಿ ಯಜಮಾನರು ಮಂಚದ ಹಲಗೆಯ ಹಾಗೆ ಬಿಗಿಯಾಗಿದ್ದರು. ಮೂರನೆಯದರಲ್ಲಿ ಹೆಂಡತಿ ಅವರ ಕಿವಿಯ ಹತ್ತಿರ ಏನೋ ಹೇಳಿದರು. ಏನೆಂದು ನೆರಳಕ್ಕನಿಗೂ ಕೇಳಿಸಲಿಲ್ಲ. ಆ ಮೂರನೆಯದೇ ಅಂಗಡಿಯ ಗೋಡೆ ಏರಿತು.

ಅಡುಗೆಮನೆ ಹಿಂದಿನ ಫೋಟೊಗಳು ಒಬ್ಬರಿಂದ ಒಬ್ಬರಿಗೆ ಹೋಗಿ, ಮುಂದಿನ ಬೇಸಿಗೆಗೆ ಜನ ಕೆರೆಯನ್ನು ಕೇಳುವುದೇ ಬಿಟ್ಟರು. "ಆ ಟ್ಯಾಂಕಿನ ಹತ್ರ ತೆಗೀತೀರಲ್ಲ, ಅಂಥದ್ದು ಬೇಕು" ಎಂದು ಫೋನು ಮಾಡತೊಡಗಿದರು. ಸುದ್ದಿ ಅತಿಥಿಗೃಹದ ಮಾಲೀಕರ ಕಿವಿಗೂ ಬಿತ್ತು. ಅವರು ಸಂತೋಷಪಟ್ಟು ಟ್ಯಾಂಕಿನ ಸೋರಿಕೆ ನಿಲ್ಲಿಸಿದರು. ಬಿಳಿ ಗೋಡೆಗೆ ಕಡು ಹಸಿರು ಬಣ್ಣ ಬಳಿಸಿದರು, ಮೇಲೆ 'ಫೋಟೊ ತೆಗೆಯುವ ಸ್ಥಳ' ಎಂದು ಬರೆಸಿದರು. ಈಗ ಅಲ್ಲಿ ಯಾರು ನಿಂತರೂ ಮೂರು ದಿನದಿಂದ ಹೊಟ್ಟೆ ಕೆಟ್ಟವರ ಹಾಗೆ ಕಾಣುತ್ತಾರೆ.

ನೆರಳಕ್ಕ ಒಂದು ಸಲ ನೋಡಿ, ಉಸಿರು ಬಿಟ್ಟು, ನೋಟ್‌ಬುಕ್ಕಿನ ಹಾಳೆ ತಿರುವಿದರು. ಅತ್ತೆ ಆಗಲೇ ಸೈಕಲ್ ನಿಲ್ಲಿಸುವ ಚಪ್ಪರದ ಕೆಳಗೆ ನಿಂತು ಕೈ ಚಾಚಿ ನೋಡುತ್ತಿದ್ದರು.

"ಏ, ಇಲ್ಲಿ ಬಾ. ಇಲ್ಲಿ ತಣ್ಣಗಿದೆ."