ರಘೋತ್ತಮರ ಖಾಡಾಖೋಡ

ಚಿಕಲಠಾಣಾದ ಬ್ಯಾಂಕಿನ ಎದುರಿಗೆ ಒಂದು ಎಸ್.ಟಿ.ಡಿ. ಬೂತ್ ಇತ್ತು. ಸಂಜೆ ಬ್ಯಾಂಕಿನ ಕೆಲಸ ಮುಗಿದ ಮೇಲೆ ರಘೋತ್ತಮ ಅದರೊಳಗೆ ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಸಿಕಕ್ಕೆ ಫೋನ್ ಮಾಡುತ್ತಿದ್ದರು. ಹುಟ್ಟಾ ಮೆಲುದನಿಯ ಮನುಷ್ಯ. ಆದರೆ ಗಾಜಿನ ಬಾಗಿಲಾಚೆ ಸರದಿ ಕಾಯುವವರಿಗೆ ಮೆಲುದನಿ ಎಂದರೆ ಗುಟ್ಟು.

೧೯೯೮ರಲ್ಲಿ ಒಂದು ಸಂಜೆ ಹಾಗೆ ಕಾಯುತ್ತಿದ್ದವನು ವೈಜನಾಥ, ಅದೇ ಬ್ಯಾಂಕಿನ ಕ್ಯಾಶಿಯರ್. ಅವನ ಹಿರಿಯರು ಬೀದರ ಜಿಲ್ಲೆಯವರು. ಅವನು ಹುಟ್ಟಿ ಬೆಳೆದದ್ದು ಮಾತ್ರ ಇಲ್ಲೇ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಈ ಊರಿನಲ್ಲಿ. ಕನ್ನಡ ಮನೆಯಲ್ಲಿ ಕಿವಿಗೆ ಬಿದ್ದದ್ದು, ಓದಿದ್ದೆಲ್ಲ ಮರಾಠಿ. ಅಂದು ಅವನಿಗೆ ಕೇಳಿಸಿದ್ದು ಇಷ್ಟು:

"ಪ್ರಭಾಕರ, ಹನ್ನೊಂದನೇ ಪುಟದಾಗ ಎರಡು ಕಡೆ ತಿದ್ದೀನಿ. ಫ್ಲಾಪಿ ಬಸ್ ಡ್ರೈವರನ ಕೈಯಾಗ ಕಳಸ್ತೀನಿ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು ನೋಡು."

ಬ್ಯಾಂಕಿನಲ್ಲಿ ಕೆಲಸ ಮಾಡುವ ಯಾರಾದರೂ ಇಂಥ ಮಾತು ಕೇಳಿದರೆ ಏನು ತಿಳಿಯಬೇಕು? ವೈಜನಾಥ ಸ್ಕೂಟರ್ ಹತ್ತಿ ರಘೋತ್ತಮರ ಹಿಂದೆಯೇ ಬಸ್ ಸ್ಟ್ಯಾಂಡಿಗೆ ಹೋದ. ಅವರು ನಾಸಿಕ ಬಸ್ಸಿನ ಡ್ರೈವರಿಗೆ ಒಂದು ಚಿಕ್ಕ ಪೊಟ್ಟಣ ಕೊಟ್ಟು ಕೈಮುಗಿದದ್ದನ್ನು ಕಣ್ಣಾರೆ ಕಂಡ.

ರಘೋತ್ತಮ ವಿಜಯಪುರದ ಕಡೆಯವರು. ಇಲ್ಲಿಗೆ ಬರುವ ಮೊದಲು ನಾಸಿಕದ ಶಾಖೆಯಲ್ಲಿದ್ದರು. ಅಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿದ್ದ ಪ್ರಭಾಕರ ಅವರ ಗೆಳೆಯನಾದ. ಸೋಮವಾರ ಸಂಜೆ ಇಬ್ಬರೂ ಒಂದೇ ಜೀಪಿನಲ್ಲಿ ಇಕ್ಕಟ್ಟಾಗಿ ಕುಳಿತು ತ್ರ್ಯಂಬಕೇಶ್ವರಕ್ಕೆ ಹೋಗಿಬರುತ್ತಿದ್ದರಂತೆ. ಪ್ರಭಾಕರನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಒಮ್ಮೆ ಒಂದು ಮಾಸಪತ್ರಿಕೆಯ ಜೊತೆ ಸಿ.ಡಿ. ಬಂತು. ಅದರಲ್ಲಿದ್ದ ತಂತ್ರಾಂಶವನ್ನು ದೇಶವಿದೇಶದ ಜನ ಸೇರಿ ಬರೆದಿದ್ದರು. ಬೇಕಾದವರು ಬಳಸಬಹುದು, ಒಳಗೇನಿದೆ ಎಂದು ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಗೆಳೆಯರಿಬ್ಬರೂ ಅದರ ಇಂಗ್ಲಿಷ್ ಕೈಪಿಡಿಯನ್ನು ಮುಂದಿಟ್ಟುಕೊಂಡು, ಅದು ಹೇಳಿದಂತೆಯೇ ಮಾಡಿದರು. ಪ್ರಭಾಕರ ವರ್ಷಗಟ್ಟಲೆ ಬರೆದಿಟ್ಟಿದ್ದೆಲ್ಲ ಅಳಿಸಿಹೋಯಿತು. ಆಮೇಲೆ ನೋಡಿದರೆ, 'ಅಳಿಸಬೇಡಿ' ಎನ್ನಬೇಕಾದ ಕಡೆ ಇಂಗ್ಲಿಷಿನ 'ನಾಟ್' ಎಂಬುದು 'ನೌ' ಎಂದು ಅಚ್ಚಾಗಿತ್ತು. ಒಂದಕ್ಷರದ ಕೆಲಸ.

ಬೇರೆ ಯಾರಾದರೂ ಬೈದು ಸುಮ್ಮನಾಗುತ್ತಿದ್ದರು. ಕೈಪಿಡಿಯ ಕೊನೆಯಲ್ಲಿ 'ತಪ್ಪು ಕಂಡರೆ ತಿಳಿಸಿ' ಎಂಬ ಸಾಲಿತ್ತು. ಜನ ಇಂಥದ್ದನ್ನು ಉಪಚಾರದ ಮಾತೆಂದು ಬಿಡುತ್ತಾರೆ, ಉಣ್ಣುವ ಹೊತ್ತಿಗೆ ಬಂದವರಿಗೆ 'ಏಳ್ರಿ, ಊಟ ಮಾಡೋಣು' ಎನ್ನುವ ಹಾಗೆ. ರಘೋತ್ತಮ ಕರೆದರೆ ಕೈತೊಳೆದು ಕೂತೇಬಿಡುವವರು. ಅಂದಿನಿಂದ ಅವರು ಕೈಪಿಡಿಗಳನ್ನು ಸಾಲು ಸಾಲಾಗಿ ಓದಿ ತಪ್ಪು ತಿದ್ದುವುದು, ಪ್ರಭಾಕರ ಅದನ್ನು ಇಂಟರ್‌ನೆಟ್ಟಿನ ಮೂಲಕ ಕೈಪಿಡಿ ಬರೆದವರಿಗೆ ಕಳಿಸುವುದು ಎಂದಾಯಿತು. ಇಲ್ಲಿಗೆ ವರ್ಗವಾಗಿ ಬಂದಾಗ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದರು; ಮನೆಗೆ ಫೋನ್ ಇನ್ನೂ ಬಂದಿರಲಿಲ್ಲ. ಅದಕ್ಕೇ ಬೂತು, ಅದಕ್ಕೇ ಬಸ್ಸು.

ನಾವು ಅವರ ಮೇಲಿನ ಮಹಡಿಯಲ್ಲಿದ್ದೆವು. ನಾನು ಶಾಲೆಯಲ್ಲಿ ಹಿಂದಿ ಕಲಿಸಿ, ಭಾನುವಾರ ನಮ್ಮ ಜನರ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಿದ್ದೆ. ರಘೋತ್ತಮರ ಹೆಂಡತಿ ಗೋದಾವರಿ ಒಂದು ದಿನ ನಮ್ಮ ಬಾಗಿಲಿಗೆ ಬಂದು ನಿಂತರು.

"ಮಾಸ್ತರ, ನೀವರೆ ಕೇಳ್ರಿ. ನಾಸಿಕದಾಗ ಇವರಿಗೆ ಯಾರಿದ್ದಾರ?"

"ಪ್ರಭಾಕರ ಇದ್ದಾನಲ್ಲ, ತಂಗಿ."

"ಪ್ರಭಾಕರನ ಜೋಡಿ ದಿನಾ ಏನು ಮಾತ್ರಿ? ನನ್ನ ಜೋಡಿ ಮದುವ್ಯಾದಾಗಿಂದ ಅಷ್ಟು ಮಾತಾಡಿಲ್ಲ."

ಮನೆಯ ಮಾಲೀಕರದು ಬೇರೆಯೇ ಊಹೆ. ಹನ್ನೊಂದು, ನಾಲ್ಕು, ಏಳು ಎಂದು ರಘೋತ್ತಮ ಬೂತಿನಲ್ಲಿ ಪುಟ, ಸಾಲು ಎಣಿಸಿ ಹೇಳುವುದು ಅವರ ಕಿವಿಗೂ ಬಿದ್ದು, ಇದು ಮಟಕಾ ಜೂಜೇ ಸರಿ ಎಂದು ತೀರ್ಮಾನಿಸಿದ್ದರು. ಹೌದೇನೋ ಎಂದು ನನಗೂ ಅನ್ನಿಸಿತ್ತು.

ಇತ್ತ ವೈಜನಾಥ ಮ್ಯಾನೇಜರ್ ಜಯರಾಮರ ಬಳಿ ಹೋದ. ಜಯರಾಮ ಹಾಸನದವರು, ಬಂದು ಕೆಲವು ತಿಂಗಳಾಗಿತ್ತು. ಅಂಥವರ ಮುಂದೆ ತನ್ನ ಹರಕು ಕನ್ನಡ ಆಡಲು ನಾಚಿ ಅವನು ಮರಾಠಿಯಲ್ಲೇ ದೂರು ಹೇಳಿದ. 'ತಿದ್ದೀನಿ' ಎಂಬುದಕ್ಕೆ ಅವನ ಬಾಯಿಗೆ ಬಂದ ಮರಾಠಿ ಮಾತು 'ಖಾಡಾಖೋಡ'. ಗೀಚಿ, ಕೆರೆದು, ಮೇಲೆ ಬರೆಯುವುದಕ್ಕೆ ಹಾಗೆನ್ನುತ್ತಾರೆ. ಜಯರಾಮರಿಗೆ ಬರುತ್ತಿದ್ದ ನಾಲ್ಕಾರು ಮರಾಠಿ ಪದಗಳಲ್ಲಿ ಅದೂ ಒಂದು. ಖಾಡಾಖೋಡ ಇದ್ದ ಚೆಕ್ಕನ್ನು ಬ್ಯಾಂಕು ಮುಟ್ಟುವುದಿಲ್ಲ. ಶಾಖೆಯ ಲೆಕ್ಕವೆಲ್ಲ ಆ ವರ್ಷವಷ್ಟೇ ಕಂಪ್ಯೂಟರಿಗೆ ಏರಿತ್ತು. ಆ ಕೋಣೆಯ ಕೀಲಿಕೈ ರಘೋತ್ತಮರ ಬಳಿಯೇ ಇತ್ತು.

ಮರುದಿನ ಜಯರಾಮ ಕೀಲಿಕೈ ಇಸಿದುಕೊಂಡರು. ರಘೋತ್ತಮರ ಊಟದ ಡಬ್ಬಿಯ ಚೀಲ ನೋಡಿದಾಗ ಇನ್ನೊಂದು ಫ್ಲಾಪಿ ಸಿಕ್ಕಿತು.

"ಸೋಮವಾರ ಪ್ರಾದೇಶಿಕ ಕಚೇರಿಗೆ ಬರೀತೀನಿ," ಎಂದರು. "ಹೇಳೋದೇನಾದ್ರೂ ಇದ್ರೆ ಶನಿವಾರದೊಳಗೆ ಹೇಳಿ."

ಬರೆದರೆ ಅಮಾನತು ಖಂಡಿತ. ಆಮೇಲೆ ವಿಚಾರಣೆಯಲ್ಲಿ ಏನೇ ತೀರ್ಮಾನವಾಗಲಿ, ಬ್ಯಾಂಕಿನವನ ಹೆಸರಿಗೆ ಒಮ್ಮೆ ಹತ್ತಿದ ಮಸಿ ಹೋಗುವುದಿಲ್ಲ. ರಘೋತ್ತಮ ಎರಡು ದಿನ ಊಟ ಬಿಟ್ಟರು. ಶನಿವಾರ ಮಧ್ಯಾಹ್ನ ಗೋದಾವರಿ ನನ್ನನ್ನು ಅವರ ಜೊತೆ ಕಳಿಸಿದರು. "ಇವರಿಗೆ ವಾದ ಮಾಡಾಕ ಬರಂಗಿಲ್ಲ, ಮಾಸ್ತರ. ಕಾಮಾ ಹಾಕಾಕ ಅಷ್ಟ ಬರ್ತದ."

ಮ್ಯಾನೇಜರ ಕೋಣೆಯಲ್ಲಿ ವೈಜನಾಥ ಗೋಡೆಗೊರಗಿ ನಿಂತಿದ್ದ. ಫ್ಲಾಪಿಯಲ್ಲಿದ್ದುದನ್ನೆಲ್ಲ ಅಚ್ಚು ತೆಗೆಸಿ ಮೇಜಿನ ಮೇಲೆ ಇಟ್ಟಿದ್ದರು.

"ಯಾರದು ಇದು?" ಜಯರಾಮ ಕೇಳಿದರು.

"ಬರದಾಂವ ಯಾರಂತ ಗೊತ್ತಿಲ್ರಿ. ಮಾರಿ ನೋಡಿಲ್ಲ."

"ಗೊತ್ತಿಲ್ದೇ ಇರೋರ ತಪ್ಪು ನೀವು ತಿದ್ತೀರಾ? ಎಷ್ಟು ಕೊಡ್ತಾರೆ?"

"ಏನೂ ಕೊಡಂಗಿಲ್ರಿ."

ಜಯರಾಮ ಕುರ್ಚಿಗೆ ಒರಗಿದರು. "ಕೊಡ್ತಾರೆ ಅಂದಿದ್ರೆ ನಂಬ್ತಿದ್ದೆ ಕಣ್ರೀ. ಹೆಸರು ಬರಬಾರದು ಅಂದಿದ್ದು ಯಾಕೆ?"

"ಕಾಮಾ ಹಾಕಿದ್ದಕ್ಕ ಹೆಸರು ಹಾಕಿಸ್ಕೊಳ್ಳಾಕ ನಾಚಿಕಿ ಬರ್ತದ್ರಿ."

ವೈಜನಾಥ ತಡೆಯಲಾರದೆ ಕನ್ನಡಕ್ಕೇ ಇಳಿದ. "ಮತ್ತ ಬಸ್ ಡ್ರೈವರನ ಕೈಯಾಗ ಯಾಕ ಕೊಟ್ರಿ? ಪೋಸ್ಟ್ ಬಂದ್ ಆಗ್ಯಾದೇನು?"

"ಪೋಸ್ಟಿನ್ಯಾಗ ಠಸ್ಸೆ ಬಡೀತಾರಪ್ಪ. ಫ್ಲಾಪಿ ಒಡೀತದ."

ಅವನು ಬಾಯಿ ತೆರೆದದ್ದೇ ಸಮಯವೆಂದು ನಾನು ಕೇಳಿದೆ: "ವೈಜನಾಥ, ಬೂತಿನ್ಯಾಗ ಇವರು ಏನಂದ್ರು? ಹೆಂಗ ಕೇಳಿದ್ಯೋ ಹಂಗ ಹೇಳು."

ಅವನ ಕಿವಿ ಕೆಂಪಾಯಿತು. "ಎರಡು ಕಡೆ ತಿದ್ದೀನಿ ಅಂದ್ರು."

"ಖಾಡಾಖೋಡ ಅಂದಿದ್ರಿ ನನಗೆ," ಎಂದರು ಜಯರಾಮ.

"ಎರಡೂ ಒಂದೇ ಅಲ್ಲೇನ್ರಿ ಸಾಹೇಬ್?"

"ನಿನ್ನ ಮಗಳು ಚನ್ನಮ್ಮ ಭಾನುವಾರ ನನ್ನ ಹತ್ರ ಪಾಟಿ ಮ್ಯಾಲೆ ಏನು ಮಾಡ್ತಾಳ?" ಎಂದೆ.

"ಅ ಆ ತಿದ್ದತಾಳ್ರಿ."

"ಖಾಡಾಖೋಡ ಮಾಡ್ತಾಳೇನು?"

ಅಕ್ಷರ ಕಲಿಯುವ ಮಗು ಬರೆದದ್ದರ ಮೇಲೆಯೇ ಬಳಪ ಆಡಿಸುವುದಕ್ಕೂ, ತಪ್ಪನ್ನು ಸರಿಮಾಡುವುದಕ್ಕೂ ಕನ್ನಡದಲ್ಲಿ ಒಂದೇ ಧಾತು. ಬ್ಯಾಂಕಿನ ಕಿಟಕಿಯಲ್ಲಿ ಕುಳಿತವನಿಗೆ ಹೊಳೆದದ್ದು ಮೂರನೆಯ ಅರ್ಥವೊಂದೇ: ಬರೆದದ್ದನ್ನು ಕೆರೆದು ಬದಲಿಸುವುದು.

ಜಯರಾಮರ ಹುಬ್ಬು ಮಾತ್ರ ಸಡಿಲಲಿಲ್ಲ. ಪದ ಸರಿಹೋದರೆ ಮನುಷ್ಯ ಸರಿಯಾದನೆ? ಕೆಂಪು ಪೆನ್ನು ಹಿಡಿದು ಹಾಳೆಗಳನ್ನು ಓದತೊಡಗಿದರು. ಖಾತೆಯ ಸಂಖ್ಯೆ ಎಲ್ಲಾದರೂ ಅಡಗಿದೆಯೇ, ಯಾರದಾದರೂ ಹೆಸರು ಇದೆಯೇ ಎಂದು ಪ್ರತಿಯೊಂದು ಪದದ ಮೇಲೂ ಪೆನ್ನಿನ ತುದಿ ಇಟ್ಟು ಸಾಗಿದರು. ರಘೋತ್ತಮ ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದರು. ಪೆನ್ನು ಒಂದು ಕಡೆ ನಿಂತಿತು.

"ರೀ, ಇಲ್ಲಿ ನೋಡಿ. ಈ 'ದ' ಅನ್ನೋದು ಎರಡು ಸಲ ಇದೆ. ಏನಿದರ ಅರ್ಥ?"

ರಘೋತ್ತಮ ಎದ್ದು ಬಗ್ಗಿದರು. ಇಂಗ್ಲಿಷಿನ ಪುಟ್ಟ ಪದ. ಒಂದು 'ದ' ಸಾಲಿನ ಕೊನೆಗೆ, ಇನ್ನೊಂದು ಮುಂದಿನ ಸಾಲಿನ ಮೊದಲಿಗೆ. ಅವರ ಮುಖ ಬಿಳಿಚಿತು. ಅಮಾನತಿನ ಮಾತು ಬಂದಾಗಲೂ ಹಾಗೆ ಬಿಳಿಚಿರಲಿಲ್ಲ.

"ಅರ್ಥ ಏನೂ ಇಲ್ರಿ. ತಪ್ಪದು. ಮೂರು ಸಲ ಓದೀನಿ, ನನಗ ಕಾಣಿಸಲಿಲ್ಲ ನೋಡ್ರಿ."

ಜಯರಾಮ ಅವರ ಮುಖ ನೋಡಿದರು. ಕಳ್ಳನಾಗಿದ್ದರೆ ಒಂದು ಅಚ್ಚಿನ ತಪ್ಪಿಗೆ ಹೆದರಬೇಕಿರಲಿಲ್ಲ. ಆ ಪದಕ್ಕೆ ಕೆಂಪು ಸುತ್ತು ಹಾಕಿ, ಪುಟ ಮಗುಚಿ, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. ನಂಬಿ ಓದುವವರು ಇರಬೇಕಾದದ್ದನ್ನು ಓದಿಕೊಂಡು ಹೋಗುತ್ತಾರೆ. ಸಂಶಯಪಟ್ಟವರ ಕಣ್ಣಿಗೆ ಮಾತ್ರ ಇದ್ದದ್ದು ಕಾಣುತ್ತದೆ. ಸಂಜೆಯಾಗುವುದರೊಳಗೆ ಅವರು ಇನ್ನೂ ಎರಡು ತಪ್ಪು ಹಿಡಿದಿದ್ದರು.

ಸೋಮವಾರ ಪ್ರಾದೇಶಿಕ ಕಚೇರಿಗೆ ಯಾವ ಕಾಗದವೂ ಹೋಗಲಿಲ್ಲ. ಕೀಲಿಕೈಯನ್ನು ಮಾತ್ರ ಜಯರಾಮ ಕೂಡಲೇ ಹಿಂತಿರುಗಿಸಲಿಲ್ಲ. ಲೆಕ್ಕವನ್ನೆಲ್ಲ ತಾವೇ ಕೂತು ತಾಳೆ ನೋಡಿ, ಮುಂದಿನ ವಾರ ಕೊಟ್ಟರು. "ಫ್ಲಾಪಿ ಮನೇಲೇ ಇರಲಿ," ಎಂದರು. "ಅಚ್ಚು ತೆಗೆದದ್ದು ಏನಾದ್ರೂ ಇದ್ರೆ ತನ್ನಿ, ನೋಡೋಣ."

ರಘೋತ್ತಮ ನಿವೃತ್ತರಾಗಿ ವಿಜಯಪುರಕ್ಕೆ ಹೋಗುವವರೆಗೂ ಆ ಕೆಲಸ ಬಿಡಲಿಲ್ಲ. ಗೋದಾವರಿ ಒಮ್ಮೆ ತಾವೇ ಬೂತಿನೊಳಗೆ ನಿಂತು ಹನ್ನೊಂದನೇ ಪುಟ, ನಾಲ್ಕನೇ ಸಾಲು ಎಂಬುದನ್ನೆಲ್ಲ ಕೇಳಿ, "ಇದಕ್ಕಿಂತ ಬ್ಯಾರೆ ಯಾರರೆ ಇದ್ದಿದ್ರ ಛಲೋ ಇತ್ತು," ಎಂದು ಹೊರಗೆ ಬಂದರಂತೆ.

ಮರುವರ್ಷ ವೈಜನಾಥ ಮನೆ ಕಟ್ಟಿಸಿದ. ಬೀದರ ಕಡೆಯ ನೆಂಟರಿಗಾಗಿ ಗೃಹಪ್ರವೇಶದ ಕರೆಯೋಲೆ ಕನ್ನಡದಲ್ಲೂ ಬೇಕಾಯಿತು. ಬರೆಸಿದ ಕರಡನ್ನು ಹಿಡಿದು ರಘೋತ್ತಮರ ಮನೆಗೆ ಬಂದ. "ಇಷ್ಟು ತಿದ್ದಿ ಕೊಡ್ರಿ," ಎಂದನಂತೆ. ಆ ಮಾತನ್ನು ಒತ್ತಿಯೇ ಹೇಳಿದನೆಂದು ರಘೋತ್ತಮ ಆಮೇಲೆ ನಕ್ಕರು. ಕಾಗದ ಬಿಟ್ಟುಹೋಗಲು ಮಾತ್ರ ವೈಜನಾಥ ಒಪ್ಪಲಿಲ್ಲ. ಅವರು ತಿದ್ದಿ ಪೆನ್ನು ಕೆಳಗಿಡುವವರೆಗೂ ಪಕ್ಕದಲ್ಲೇ ನಿಂತಿದ್ದ. ಎಷ್ಟಾಯಿತು ಎಂದು ಕೇಳಿದ್ದಕ್ಕೆ ಅವರು ಏನೂ ಬೇಡವೆಂದರು.

ಅಲ್ಲಿಂದ ನೇರ ಮಹಡಿ ಹತ್ತಿ ನನ್ನ ಬಳಿಗೆ ಬಂದ.

"ಮಾಸ್ತರ, ನೀವೂ ಒಮ್ಮೆ ನೋಡ್ರಿ ಇದನ್ನ," ಎಂದ, ದನಿ ತಗ್ಗಿಸಿ. "ಪುಕಟ ತಿದ್ದಿ ಕೊಟ್ಟಾರ."