ಬೆದರದ ಮೀನಿನ ರಕ್ತ

ಬ್ಲಫ್ ಎಂಬ ಊರಿನ ಕೆಳಗಿನ ಹೊಳೆಯಲ್ಲಿ ತೆಪ್ಪ ಹಾಕುತ್ತಿದ್ದ ಒಬ್ಬರು ನಮ್ಮ ಲ್ಯಾಬಿನವರಿಗೆ ಬಿಳಿಮೀನು ಹಿಡಿದುಕೊಡುತ್ತಿದ್ದರು. ಮೀನಿನ ರಕ್ತ ಸ್ವಲ್ಪ ತೆಗೆದುಕೊಂಡು ಅದನ್ನು ಮತ್ತೆ ಹೊಳೆಗೇ ಬಿಡುವುದು, ರಕ್ತ ನೋಡಿ ಅದರ ಆರೋಗ್ಯ ಹೇಳುವುದು ನನ್ನ ಕೆಲಸ. ಬಲೆಯಲ್ಲಿ ಮೀನಿದ್ದರೂ ಅವರು ಮೊದಲು ಕೈಗಳನ್ನು ಮೊಣಕೈವರೆಗೆ ನೀರಿನಲ್ಲಿಟ್ಟು ಸುಮ್ಮನೆ ಕೂರುತ್ತಿದ್ದರು.

“ತಡಿಯವ್ವ, ಕೈ ತಣ್ಗಾಗ್ಲಿ. ನಮ್ ಮೈಬಿಸಿ ಅದ್ಕೆ ಬೆಂಕಿ ಕಣವ್ವ.”

ಪ್ರತಿ ಮೀನಿಗೂ ಅದೇ ಮಾತು. ಆಮೇಲೆ ಅದನ್ನು ನೀರಿನೊಳಗೇ ಮೆಲ್ಲಗೆ ಅಂಗಾತ ಮಾಡಿ, ಬಾಲದ ಬುಡವನ್ನು ನನ್ನ ಸೂಜಿಗೆ ಒಡ್ಡುತ್ತಿದ್ದರು. ಮೀನು ಮಿಸುಕುತ್ತಿರಲಿಲ್ಲ.

ಒಮ್ಮೆ ನನಗೆ ಕಾಯಲಾಗಲಿಲ್ಲ. ಒಂದು ಮೀನನ್ನು ನಾನೇ ಎತ್ತಿ, ತೆಪ್ಪದಲ್ಲಿ ಅದುಮಿ ಹಿಡಿದು ಚುಚ್ಚಿದೆ. ಅದೇ ಬಲೆಯ ಇನ್ನೊಂದನ್ನು ಅವರು ಹಿಡಿದುಕೊಟ್ಟರು. ಲ್ಯಾಬಿನಲ್ಲಿ ನೋಡಿದರೆ ನನ್ನ ಮೀನಿನ ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಕಾಯಿಲೆ ಎಂದೇ ಬರೆಯಲು ಹೊರಟಿದ್ದೆ. ಆದರೆ ಅವರು ಹಿಡಿದದ್ದರಲ್ಲಿ ಸಕ್ಕರೆ ಸರಿಯಾಗೇ ಇತ್ತು; ನನ್ನದರಲ್ಲಿ ಏರಿದ್ದು ಬರೀ ಭಯಕ್ಕೆ. ಅವರು ಹಿಡಿದ ಮೀನಿಗೆ ತಾನು ಸಿಕ್ಕಿಬಿದ್ದದ್ದೇ ಗೊತ್ತಿದ್ದಂತಿರಲಿಲ್ಲ.

ಮಾರನೆಯ ವಾರ ಅವರಿಗೆ ಇದನ್ನೆಲ್ಲ ಬೆರಗಿನಿಂದ ಹೇಳಿದೆ.

“ಅಂಗಾ?” ಎಂದು ಅವರು ಎಂದಿನಂತೆ ಕೈಗಳನ್ನು ಹೊಳೆಗಿಳಿಸಿದರು.

ನಾನು ಸೂಜಿ ಕೆಳಗಿಟ್ಟು, ನನ್ನ ಕೈಗಳನ್ನೂ ಇಳಿಸಿದೆ.