ಸುಲ್ತಾನನಿಗೆ ಮಾತ್ರ ಕೊಟ್ಟ ಬೆಲ್ಲ

ಬೆಲ್ಲದ ಚೂರು ಸುಲ್ತಾನನ ಬಾಯಿ ಸೇರಿದ್ದೇ ತಡ, ಅವನ ಜೊತೆಗೆ ಗಾಡಿಗೆ ಹೂಡಿದ್ದ ಇನ್ನೊಂದು ಕುದುರೆ ಹಿತಾಮ್ ಕಿವಿ ಹಿಂದಕ್ಕೆ ಮಡಚಿ ಅವನ ಕುತ್ತಿಗೆಗೆ ಬಾಯಿ ಹಾಕಿದ.

ಸುಲ್ತಾನ್ ಕೊಸರಿದ. ಗಾಡಿ ವಾಲಿತು. ಮೇಲಿದ್ದ ಮೂರು ಅಕ್ಕಿ ಚೀಲ ರಸ್ತೆಗೆ ಬಿದ್ದು, ಒಂದು ಒಡೆದೇ ಹೋಯಿತು.

ಬೆಲ್ಲ ಕೊಟ್ಟವಳು ನಾನು.

ಲಾಕ್‌ಡೌನಿನ ಎರಡನೇ ವರ್ಷ ಅದು. ಮಲೇಷ್ಯಾದ ನಿಲಾಯ್‌ನಲ್ಲಿ ನಮ್ಮ ಮನೆಯ ಹತ್ತಿರ, ಪ್ರವಾಸಿಗಳನ್ನು ಕುದುರೆ ಗಾಡಿಯಲ್ಲಿ ಸುತ್ತಾಡಿಸುವ ಒಂದು ರೆಸಾರ್ಟ್ ಇತ್ತು. ಆರು ಕುದುರೆ. ಓಡುವ ಜಾತಿಯಲ್ಲ, ಭಾರ ಎಳೆಯುವ ತಳಿ... ಒಂದೊಂದು ಗೊರಸು ನಮ್ಮ ಊಟದ ತಟ್ಟೆಯಷ್ಟು.

ಮಾಲೀಕರನ್ನು ಎಲ್ಲರೂ ಪಾಕ್ ಮಾನ್ ಎನ್ನುತ್ತಿದ್ದರು. ಇಲ್ಲಿ ಹಿರಿಯ ಗಂಡಸರನ್ನು ಪಾಕ್ ಎಂದೇ ಕರೆಯುವುದು. ಪ್ರವಾಸಿಗಳಿಲ್ಲದೆ ಕುದುರೆಗಳು ನಿಂತಲ್ಲೇ ನಿಂತಿದ್ದವು. ಕೆಲಸ ಹೋದವರ ಮನೆಗಳಲ್ಲಿ ಅಕ್ಕಿ ಮುಗಿದಿತ್ತು. ಪಾಕ್ ಮಾನ್ ಇವೆರಡನ್ನೂ ಒಟ್ಟಿಗೆ ಯೋಚಿಸಿದರು.

ಪೊಲೀಸರ ಅನುಮತಿ ಪಡೆದು ಪ್ರತಿ ಭಾನುವಾರ ಬೆಳಿಗ್ಗೆ ಮೂರು ಗಾಡಿಗಳ ಸಾಲು ಹೊರಡುತ್ತಿತ್ತು, ಗಾಡಿಗೊಂದು ಜೋಡಿ ಕುದುರೆ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದ ಮನೆ ಕಂಡಲ್ಲಿ ನಿಲ್ಲಿಸಿ ಅಕ್ಕಿ, ಎಣ್ಣೆ, ಮೊಟ್ಟೆ ಇಳಿಸುವುದು. ನೆರವು ಬೇಕೆಂದು ಬಾಯಿಬಿಟ್ಟು ಕೇಳಲಾರದವರು ಕಟ್ಟುತ್ತಿದ್ದ ಬಟ್ಟೆ ಅದು.

ಎಷ್ಟು ಒಳ್ಳೆಯ ಕೆಲಸ, ಅಲ್ಲವೇ?

ನಾನು ಮಾತ್ರ ಹೋಗುತ್ತಿದ್ದುದು ಹೊಟ್ಟೆಕಿಚ್ಚಿಗೆ.

ನನ್ನ ಮಗಳು ಮೇಘಾಳಿಗೆ ಆಗ ಹದಿನಾರು. ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ನನ್ನ ಪಿಎಚ್‌ಡಿ ಓದನ್ನು ಬದಿಗಿಟ್ಟು, ಊಟವಾದ ಮೇಲೆ ಅವಳಿಗೆ ಕನ್ನಡ ಕವಿತೆ ಓದಿ ಹೇಳುತ್ತಿದ್ದೆ.

"ನೈಸ್, ಅಮ್ಮಾ" ಎನ್ನುತ್ತಿದ್ದಳು. ಹೋಟೆಲಿನವರ ಮನಸ್ಸು ನೋಯಬಾರದೆಂದು ದೋಸೆ ಹೊಗಳುವ ಹಾಗೆ.

ಅಂಥವಳು ಲಾಕ್‌ಡೌನಿನಲ್ಲಿ ವೈಜಯಂತಿಯ ಬೆನ್ನು ಹತ್ತಿದಳು. ವೈಜಯಂತಿ ನಮ್ಮ ಮೇಲಿನ ಮಹಡಿಯವಳು, ಧಾರವಾಡದ ಕಡೆಯವಳು. ಕ್ಲಾಂಗ್ ಬಂದರಿನ ಸರಕು ಸಾಗಣೆಯ ಕೆಲಸವನ್ನು ಆಗ ಮನೆಯಿಂದಲೇ ಮಾಡುತ್ತಿದ್ದಳು. ಅವಳ ಅಜ್ಜ ಟಾಂಗಾ ಹೊಡೆಯುತ್ತಿದ್ದರಂತೆ. ಲಗಾಮು ಅವಳ ಕೈಗೆ ಬಂದರೆ ಕುದುರೆಗಳಿಗೂ ಗೊತ್ತಾಗುತ್ತಿತ್ತು. ಪಾಕ್ ಮಾನ್ ಮೊದಲ ಗಾಡಿಯನ್ನೇ ಅವಳಿಗೆ ಒಪ್ಪಿಸಿದ್ದರು.

ಪಕ್ಕದಲ್ಲಿ ಮೇಘಾ.

ನಾನು ಮೂರನೇ ಗಾಡಿಯಲ್ಲಿ, ತೊಡೆಯ ಮೇಲೆ ಮೊಟ್ಟೆಯ ಟ್ರೇ ಇಟ್ಟುಕೊಂಡು.

ಮುಂದಿನಿಂದ ಅವರಿಬ್ಬರ ನಗು ಕೇಳುತ್ತದೆ. ಮಾಸ್ಕ್ ಹಾಕಿಕೊಂಡು ಅಷ್ಟು ಜೋರಾಗಿ ನಗುವುದಾದರೂ ಹೇಗೆ? ಮನೆಗೆ ಬಂದ ಮೇಲೆ ಏನು ಮಾತಾಡಿದಿರಿ ಎಂದು ಕೇಳಿದರೆ, "ನಥಿಂಗ್, ಅಮ್ಮಾ. ಹಾರ್ಸ್ ಜೋಕ್."

ನನಗೆ ಗೊತ್ತಿಲ್ಲದ ಜೋಕುಗಳು ನನ್ನ ಮಗಳಲ್ಲಿ ತುಂಬಿಕೊಳ್ಳುತ್ತಿದ್ದವು. ಇನ್ನೆರಡು ವರ್ಷಕ್ಕೆ ಓದಲು ಹೊರಟುಬಿಡುತ್ತಾಳೆ. ಅಷ್ಟರೊಳಗೆ ಅವಳು ನನ್ನಿಂದ ಪೂರ್ತಿ ದೂರ ಹೋದರೆ...

ಆ ಭಾನುವಾರ ನಾನು ಬ್ಯಾಗಿನಲ್ಲಿ ಗುಲಾ ಮೆಲಾಕಾ ತಂದಿದ್ದೆ. ಇಲ್ಲಿನ ತೆಂಗಿನ ಬೆಲ್ಲ ಅದು. ಮೇಘಾಳಿಗೆ ಮೊದಲ ಗಾಡಿಯ ಸುಲ್ತಾನ್ ಎಂದರೆ ಪ್ರಾಣ. ಅವನು ನನ್ನನ್ನೂ ಗುರುತು ಹಿಡಿದು ಮೂತಿ ಚಾಚಿದರೆ ಅವಳು ನನ್ನ ಕಡೆ ತಿರುಗಿಯಾಳು... ನಲವತ್ತೆಂಟು ವರ್ಷದ ಹೆಂಗಸಿನ ಲೆಕ್ಕಾಚಾರ ಇದು!

ಗಾಡಿಗಳು ಒಂದು ಫ್ಲ್ಯಾಟಿನ ಮುಂದೆ ನಿಂತವು. ವೈಜಯಂತಿ ಲಗಾಮು ಹಿಡಿದೇ ಹಿಂದಕ್ಕೆ ತಿರುಗಿ, ಯಾವ ಚೀಲ ಇಳಿಸಬೇಕೆಂದು ಮೇಘಾಳಿಗೆ ಹೇಳುತ್ತಿದ್ದಳು. ನಾನು ಮೆಲ್ಲಗೆ ಮುಂದೆ ಹೋದೆ. ಒಂದೇ ಚೂರು, ಒಂದೇ ಕುದುರೆಗೆ.

ಆಮೇಲೆ ಆದದ್ದನ್ನು ಮೊದಲೇ ಹೇಳಿದೆ.

ಮೇಘಾ ಓಡಿ ಬಂದು ಹಿತಾಮ್‌ನ ಬಾಯಿಪಟ್ಟಿ ಹಿಡಿದಳು. "ಏ ಹಿತಾಮ್, ತಡಿಯೋ! ನಿನಗೂ ಕೊಡ್ತಾರ, ಸುಮ್ನ ನಿಂದ್ರೋ!"

ಹಿತಾಮ್ ನಿಂತ. ನಾನೂ ನಿಂತುಬಿಟ್ಟೆ.

ಹದಿಮೂರು ವರ್ಷದಿಂದ ಕಾಯುತ್ತಿದ್ದ ಕನ್ನಡ ಅದು. ಕುದುರೆಗೆ ಸಿಕ್ಕಿತು. ಅದೂ ಧಾರವಾಡದ ದನಿಯಲ್ಲಿ. ನಾನು ಮೈಸೂರಿನವಳು.

"ಕಚ್ಚಲಿಲ್ಲ ಹೌದಲ್ರೀ ಅಕ್ಕಾರ?" ವೈಜಯಂತಿ ಮೇಲಿನಿಂದಲೇ ಕೇಳಿದಳು. "ಜೋಡಿ ಒಳಗ ಒಂದಕ್ಕ ಕೊಟ್ರ ಇನ್ನೊಂದಕ್ಕ ಹೊಟ್ಟಿ ಉರೀತದ್ರೀ. ಥೇಟ್ ಮನಷ್ಯಾರಗತೆ!"

ಪುಣ್ಯಕ್ಕೆ ಮುಖಕ್ಕೆ ಮಾಸ್ಕ್ ಇತ್ತು.

ಪಾಕ್ ಮಾನ್ ಬಯ್ಯಲಿಲ್ಲ. "ಒನ್ ಮಾಕಾನ್, ಟೂ ಮಸ್ಟ್ ಮಾಕಾನ್ ಲಾ, ಕಾಕ್" ಎಂದರು. ಒಂದು ತಿಂದರೆ ಎರಡೂ ತಿನ್ನಬೇಕು, ಅಕ್ಕ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿದ್ದರಂತೆ. ಆಗ ನಾನು ಮಗಳು ಯಾರ ಪಕ್ಕ ನಿಂತಿದ್ದಾಳೆ ಎಂದು ನೋಡುತ್ತಿದ್ದೆನೇನೋ.

ಎರಡನೇ ಮಹಡಿಯ ಕಿಟಕಿಯಲ್ಲಿ, ಬಿಳಿ ಬಟ್ಟೆಯ ಪಕ್ಕ, ಒಬ್ಬ ಹೆಂಗಸು ನೋಡುತ್ತಿದ್ದಳು. ಒಡೆದದ್ದು ಅವಳ ಪಾಲಿನ ಚೀಲ. ನಾನು ಮೊಣಕಾಲೂರಿ ಅಕ್ಕಿ ಬಾಚತೊಡಗಿದೆ. ಮಣ್ಣು ತಾಕಿದ್ದನ್ನು ನಾನು ಒಯ್ಯುತ್ತೇನೆ, ಸಂಜೆಯೊಳಗೆ ನಮ್ಮ ಮನೆಯ ಹೊಸ ಚೀಲವನ್ನು ಅವಳಿಗೆ ಮುಟ್ಟಿಸುತ್ತೇನೆ ಎಂದು ಪಾಕ್ ಮಾನ್‌ಗೆ ಹೇಳಿದೆ. ಮುಟ್ಟಿಸಿದೆ ಕೂಡ.

ಬಾಚುವಾಗ ಎದುರಿಗೆ ಯಾರೋ ಖಾಲಿ ಚೀಲದ ಬಾಯಿ ಅಗಲಿಸಿ ಹಿಡಿದರು. ಮೇಘಾ.

ಚೀಲ ಕಟ್ಟಿದ ಮೇಲೆ ಹೇಳಿದಳು, "ಅಮ್ಮಾ, ನೀ ಮುಂದ ಬಂದು ಕುಂಡ್ರು. ಹಿಂದ ಇದ್ರ ಮತ್ತ ಏನರೆ ಮಾಡ್ತಿ."

ನನ್ನ ಜೊತೆ. ಕನ್ನಡದಲ್ಲಿ.

'ಕುಂಡ್ರು ಅಲ್ಲ ಕಣೇ, ಕೂತ್ಕೋ' ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಹಿತಾಮ್‌ಗೂ ಒಂದು ಚೂರು ಬೆಲ್ಲ ಕೊಟ್ಟು, ಹೋಗಿ ಕುಳಿತೆ. ನಡುವೆ ಮೇಘಾ, ಆ ಕಡೆ ಲಗಾಮು ಹಿಡಿದ ವೈಜಯಂತಿ. ಮುಂದೆ ಎರಡು ದೊಡ್ಡ ಬೆನ್ನುಗಳು ಒಟ್ಟಿಗೆ ಏಳುತ್ತಾ ಇಳಿಯುತ್ತಾ...

ಕಣ್ಣು ತುಂಬಿ ಬಂತು. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಈಗಲೂ ಮನೆಯಲ್ಲಿ ಅವಳು "ಕುಂಡ್ರು" ಎನ್ನುತ್ತಾಳೆ, ನಾನು ಕೂರುತ್ತೇನೆ. ನಿಜ ಹೇಳಿ, ನಿಮ್ಮ ಮಕ್ಕಳಿಗೆ ನಿಮ್ಮದೇ ಭಾಷೆಯನ್ನು ಬೇರೆ ಯಾರೋ ಕಲಿಸಿಕೊಟ್ಟರೆ, ನೀವು ಮನಸಾರೆ ಥ್ಯಾಂಕ್ಸ್ ಹೇಳಬಲ್ಲಿರಾ?